ಗೊತ್ತಿಲ್ಲವೆಂದು ಹೇಳಿದ ಪಾದ್ರಿ: ಫಾದರ್ ಹೆನ್ರಿ ಹೆರಾಸ್

ಮುಂಬಯಿಯಲ್ಲಿ ವಾಸವಾಗಿರುವ ನಮ್ಮ ಓದುಗರಲ್ಲಿ ಬಹುಮಂದಿ ಧೋಬಿ ತಲಾವದ ಕಡೆಯಿಂದ ಬೋರಿಬಂದರದ ಕಡೆಗೆ ಹೋಗುವಾಗ ಸೇಂಟ್ ಝೇವಿಯರ್ಸ್ ಕಾಲೇಜಿನ ಕಲ್ಲಿನ ಕಟ್ಟಡವನ್ನು ನೋಡಿಯೇ ಇರುತ್ತಾರೆ. ಲೋಕಲ್ ಗಾಡಿ ತಪ್ಪೀತೆಂಬ ಅವಸರದಲ್ಲಿ ಆ ಕಟ್ಟಡದೊಳಗೆ ಏನಿದೆ ಎಂದು ಕೇಳುವ ವ್ಯವಧಾನ ನಮಗಿರುವುದಿಲ್ಲ. ಅಲ್ಲಿ ಒಂದು ಇತಿಹಾಸ ಸಂಶೋಧನ ಸಂಸ್ಥೆಯಿದೆ. ಹಳೆಯ ನಾಣ್ಯಗಳು, ಕಲ್ಲಿನ ವಿಗ್ರಹಗಳು, ಮುದ್ರೆಗಳು, ದೊಡ್ಡದೊಂದು ಪುಸ್ತಕ ಭಂಡಾರ ಅಲ್ಲಿವೆ. ಅದರ ಹೆಸರು ಹೆರಾಸ್ ಇನ್‌ಸ್ಟಿಟ್ಯೂಟ್. ಈ ಹೆಸರಿನ ಹಿಂದೆ ಒಬ್ಬ ಪಾದ್ರಿಯ ಬಾಳಿದೆ. ಆ ಬಾಳಿನಲ್ಲಿ ನಮ್ಮ ವಿಜಯನಗರಕ್ಕೂ ಕದಂಬರಿಗೂ ಕೆಳದಿಯ ನಾಯಕರಿಗೂ ಪಾಲಿದೆ. ಆದುದರಿಂದಲೇ ಈ ತಿಂಗಳು ಅವರ ಕತೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಕನ್ನಡಿಗರಾದ ನಮಗೆ ವಿದ್ವಾಂಸರಾದ ಪಾದ್ರಿಗಳು ಹೊಸಬರಲ್ಲ. 1894ರಲ್ಲಿ ಕಿಟ್ಟೆಲ್ ಸಾಹೇಬರ ನಿಘಂಟು ಹೊರಬಂದಂದಿನಿಂದ ಆ ಹೆಸರು ನಮ್ಮ ಮನೆಮಾತಾಗಿದೆ. ಮೈಸೂರಿನ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ'ವನ್ನು ಕಟ್ಟಿಕೊಟ್ಟ ಬಿ. ಎಲ್. ರೈಸರು ಸ್ವತಃ ಪಾದ್ರಿಯಲ್ಲದಿದ್ದರೂ ಬೆಂಗಳೂರಿನ ಒಬ್ಬ ಪಾದ್ರಿಯ ಮಗ. ಆದರೆ ಹೆರಾಸರ ದಾರಿ ಇವರದಕ್ಕಿಂತ ಬೇರೆ. ಅವರು ಕನ್ನಡನಾಡಿನಲ್ಲಿ ನೆಲೆಸಿದವರಲ್ಲ. ನಮ್ಮಂತೆಯೇ ಪರಊರಿನಿಂದ ಮುಂಬಯಿಗೆ ಬಂದು, ಇಲ್ಲಿಯೇ ಬೇರೂರಿ, ಇಲ್ಲಿಯೇ ಮಣ್ಣಾದವರು.

ಒಂದು ಪ್ರಶ್ನೆ, ಒಂದು ಉತ್ತರ

ಎನ್ರಿಕೆ ಹೆರಾಸ್ ಹುಟ್ಟಿದ್ದು 1888ರ ಸೆಪ್ಟೆಂಬರ್ 11ರಂದು, ಸ್ಪೇನ್ ದೇಶದ ಬಾರ್ಸಿಲೋನ ನಗರದಲ್ಲಿ. ಹದಿಹರೆಯದಲ್ಲಿಯೇ ಯೇಸುಸಭೆಯನ್ನು, ಅಂದರೆ ಜೆಸುಯಿಟ್ ಪಂಥವನ್ನು ಸೇರಿದರು. ಆ ಪಂಥದಲ್ಲಿ ಗುರುದೀಕ್ಷೆಯೆಂಬುದು ಬೇಗ ಸಿಗುವ ವಸ್ತುವಲ್ಲ. ವರ್ಷಗಟ್ಟಲೆ ಓದು, ಪಾಠ ಹೇಳುವಿಕೆ, ಮತ್ತೆ ಓದು. ದೀಕ್ಷೆ ಪಡೆದು, ಇತಿಹಾಸವನ್ನು ತಮ್ಮ ವಿಷಯವಾಗಿ ಮಾಡಿಕೊಂಡು, 1922ರ ನವೆಂಬರಿನಲ್ಲಿ ಅವರು ಮುಂಬಯಿ ಬಂದರಿನಲ್ಲಿ ಇಳಿದಾಗ ವಯಸ್ಸು ಮೂವತ್ತನಾಲ್ಕು.

ಅವರು ಕಾಲೇಜಿಗೆ ಬಂದ ಮೊದಲ ದಿನಗಳ ಬಗ್ಗೆ ಒಂದು ಮಾತು ಅವರ ಶಿಷ್ಯರಲ್ಲಿ ಪ್ರಚಲಿತವಾಗಿತ್ತು. ಯಾವ ಇತಿಹಾಸವನ್ನು ಪಾಠ ಹೇಳುತ್ತೀರಿ ಎಂದು ಪ್ರಾಂಶುಪಾಲರು ಕೇಳಿದರಂತೆ. ಭಾರತದ ಇತಿಹಾಸ ಎಂದರು ಹೆರಾಸರು. ಭಾರತದ ಇತಿಹಾಸ ನಿಮಗೆಷ್ಟು ಗೊತ್ತು ಎಂಬುದು ಮುಂದಿನ ಪ್ರಶ್ನೆ. ಏನೂ ಗೊತ್ತಿಲ್ಲ ಎಂಬುದು ಉತ್ತರ. ಹಾಗಾದರೆ ಪಾಠ ಹೇಳುವುದು ಹೇಗೆ? ಓದಿ ಕಲಿಯುತ್ತೇನೆ ಎಂದರಂತೆ ಪಾದ್ರಿ.

ಯುರೋಪಿನ ಇತಿಹಾಸವನ್ನು ಪಾಠ ಹೇಳಿ ಸುಖವಾಗಿ ಇರಬಹುದಾಗಿತ್ತು. ಆ ಕಾಲದ ಕಾಲೇಜುಗಳಲ್ಲಿ ಅದಕ್ಕೇ ಮರ್ಯಾದೆ ಹೆಚ್ಚು. ಬಿಳಿಯರ ಆಳ್ವಿಕೆ ನಡೆಯುತ್ತಿದ್ದಾಗ, ಬಿಳಿಯನೊಬ್ಬ ಈ ದೇಶದ ಬಗ್ಗೆ ತನಗೆ ಏನೂ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಾಗಿರಲಿಲ್ಲ. ಆ ಒಂದು ಉತ್ತರದಿಂದ ಮುಂದಿನ ಮೂವತ್ತಮೂರು ವರ್ಷಗಳ ದುಡಿಮೆ ಹುಟ್ಟಿತು.

ಹೇಳಿದಂತೆ ಓದಿದರು. ಬಂದು ನಾಲ್ಕು ವರ್ಷ ತುಂಬುವುದರೊಳಗೆ, 1926ರಲ್ಲಿ, ಕಾಲೇಜಿನಲ್ಲಿಯೇ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಪಠ್ಯಪುಸ್ತಕವನ್ನು ಬಾಯಿಪಾಠ ಮಾಡಿಸುವುದು ಅವರ ದೃಷ್ಟಿಯಲ್ಲಿ ಇತಿಹಾಸವಾಗಿರಲಿಲ್ಲ. ಶಾಸನವನ್ನು ಶಿಷ್ಯನೇ ಓದಬೇಕು, ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಬೇಕು, ವಿಗ್ರಹದ ಮುಂದೆ ನಿಲ್ಲಬೇಕು. ಅದಕ್ಕಾಗಿಯೇ ಗ್ರಂಥಾಲಯದ ಜೊತೆಗೆ ವಸ್ತುಸಂಗ್ರಹಾಲಯವನ್ನೂ ಕಟ್ಟಿದರು.

ತಾಳಿಕೋಟೆಯ ಆಚೆಗೆ

ವಿಜಯನಗರದ ಕತೆ ನಮ್ಮ ಶಾಲಾಪಾಠಗಳಲ್ಲಿ ಹೇಗೆ ಮುಗಿಯುತ್ತಿತ್ತೆಂಬುದನ್ನು ಓದುಗರು ನೆನಪಿಸಿಕೊಳ್ಳಲಿ. 1565, ರಕ್ಕಸತಂಗಡಗಿ, ರಾಮರಾಯನ ಶಿರಚ್ಛೇದ, ಹಂಪೆಯ ಲೂಟಿ, ಅಲ್ಲಿಗೆ ಪಾಠ ಸಮಾಪ್ತಿ. ಮನೆಯಲ್ಲಿ ಹಿರಿಯರು ಹೇಳುತ್ತಿದ್ದದ್ದೂ ಅಷ್ಟೇ. 1927ರಲ್ಲಿ ಹೆರಾಸರು ಪ್ರಕಟಿಸಿದ 'ವಿಜಯನಗರದ ಅರವೀಡು ವಂಶ'ದ ಮೊದಲ ಸಂಪುಟ, ನಾವು ಪಾಠ ಮುಗಿಸುವ ಸ್ಥಳದಿಂದ ಮುಂದಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆದ ಈ ಗ್ರಂಥ ರಾಮರಾಯನ ಏಳಿಗೆಯ ಕಾಲದಿಂದ ಇಮ್ಮಡಿ ವೆಂಕಟಪತಿರಾಯನ ಮರಣದವರೆಗೆ, ಅಂದರೆ 1542ರಿಂದ 1614ರವರೆಗೆ ಸಾಗುತ್ತದೆ. ಹಂಪೆ ಹಾಳಾದರೂ ರಾಜ್ಯ ಸಾಯಲಿಲ್ಲ. ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ, ವೇಲೂರಿಗೆ ಸರಿದು ಉಸಿರಾಡುತ್ತಿತ್ತು ಎಂಬುದನ್ನು ಪುಟಪುಟದಲ್ಲಿ ತೋರಿಸಿದರು.

ಇಲ್ಲಿ ಅವರ ಪಾದ್ರಿತನವೇ ಕೆಲಸಕ್ಕೆ ಬಂತು. 1598ರ ಸುಮಾರಿಗೆ ಜೆಸುಯಿಟ್ ಪಾದ್ರಿಗಳು ಚಂದ್ರಗಿರಿಯಲ್ಲಿದ್ದ ವೆಂಕಟಪತಿರಾಯನ ಆಸ್ಥಾನಕ್ಕೆ ಹೋಗಿದ್ದರು. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು ತಮ್ಮ ಮೇಲಿನವರಿಗೆ ಪತ್ರ ಬರೆದು ತಿಳಿಸುತ್ತಿದ್ದರು. ಆ ಪತ್ರಗಳು ಯುರೋಪಿನ ಭಂಡಾರಗಳಲ್ಲಿ ಲ್ಯಾಟಿನ್, ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಗಳಲ್ಲಿ ಉಳಿದಿದ್ದವು. ನಮ್ಮ ಶಾಸನಗಳು ದಾನದ ವಿಷಯವನ್ನು ಹೇಳುತ್ತವೆ, ರಾಜನ ಬಿರುದುಗಳನ್ನು ಹಾಡುತ್ತವೆ; ಆದರೆ ಆಸ್ಥಾನದಲ್ಲಿ ಯಾರಿಗೆ ಯಾರ ಮೇಲೆ ಸಂಶಯವಿತ್ತು ಎಂಬುದನ್ನು ಹೇಳುವುದಿಲ್ಲ. ಹೆರಾಸರು ಶಾಸನವನ್ನೂ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಒಂದು ಇನ್ನೊಂದನ್ನು ತಿದ್ದುವಂತೆ ಮಾಡಿದರು.

ಮೈಸೂರಿನವರಿಗೂ ಈ ಕಾಲ ಮುಖ್ಯವಾದುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು ಇದೇ ವೆಂಕಟಪತಿರಾಯನ ಪ್ರತಿನಿಧಿಯಾಗಿದ್ದ ತಿರುಮಲನಿಂದ. ಮಲೆನಾಡು, ಕರಾವಳಿಯವರನ್ನೂ ಹೆರಾಸರು ಬಿಡಲಿಲ್ಲ. ಇಕ್ಕೇರಿಯ ವೆಂಕಟಪ್ಪ ನಾಯಕನು ನಡೆಸಿದ ರಾಜ್ಯವಿಸ್ತರಣೆಯ ಯುದ್ಧಗಳ ಮೇಲೆ ಪ್ರತ್ಯೇಕ ಪ್ರಬಂಧವನ್ನೇ ಬರೆದರು.

ಯತಿಯ ಕತೆ

ಮುಂದಿನ ಪುಸ್ತಕ ಅಷ್ಟು ಸುಲಭವಾಗಿ ನಮ್ಮ ಗಂಟಲಲ್ಲಿ ಇಳಿಯುವಂಥದಲ್ಲ. 1929ರಲ್ಲಿ ಬಂದ ಅದು ವಿಜಯನಗರದ ಇತಿಹಾಸದ ಆರಂಭವನ್ನು ಕುರಿತದ್ದು.

ಹಕ್ಕ ಬುಕ್ಕರ ಕತೆ ಗೊತ್ತಿಲ್ಲದ ಕನ್ನಡ ಮಗು ಇರಲಾರದು. ಬೇಟೆಗೆ ಹೋದಾಗ ಮೊಲವೇ ನಾಯಿಗಳನ್ನು ಅಟ್ಟಿಸಿಕೊಂಡು ಬಂತು. ಅಣ್ಣತಮ್ಮಂದಿರು ಬಂದು ವಿದ್ಯಾರಣ್ಯರಿಗೆ ತಿಳಿಸಿದರು. ಇದು ವೀರಭೂಮಿ, ಇಲ್ಲಿ ನಗರ ಕಟ್ಟಿರೆಂದು ಗುರುಗಳು ಅಪ್ಪಣೆ ಕೊಟ್ಟರು. 1336ರ ಏಪ್ರಿಲ್ 18ನ್ನು ಸ್ಥಾಪನೆಯ ದಿನವೆಂದು ಹೇಳುವ ವಾಡಿಕೆಯೂ ಉಂಟು. ಹೆರಾಸರು ಈ ಕತೆಗೆ ಆಧಾರವೇನೆಂದು ಕೇಳಿದರು. ವಿದ್ಯಾರಣ್ಯರೇ ನಗರವನ್ನು ಸ್ಥಾಪಿಸಿದರೆಂದು ಹೇಳುವ ತಾಮ್ರಶಾಸನಗಳಿದ್ದವು. ಅವು ಹದಿನಾಲ್ಕನೆಯ ಶತಮಾನದ್ದೆಂದು ಹೇಳಿಕೊಂಡರೂ ನಿಜವಾಗಿ ಆ ಕಾಲದವಲ್ಲವೆಂಬುದು ಅವರ ನಿರ್ಣಯ.

ಇಂಥವನ್ನು ಶಾಸನತಜ್ಞರು ಕೂಟಶಾಸನಗಳೆನ್ನುತ್ತಾರೆ. ಅವನ್ನು ಗುರುತಿಸುವ ವಿಧಾನ ಕುತೂಹಲಕರವಾದುದು. ಅಕ್ಷರದ ರೂಪ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತದೆ. ತಾತನ ಕಾಲದ ಪತ್ರವೆಂದು ಹೇಳಿ ಮೊಮ್ಮಗನ ಕೈಬರಹವಿದ್ದರೆ ಸಿಕ್ಕಿಬೀಳುತ್ತದೆ. ಶಾಸನದಲ್ಲಿ ಹೇಳಿದ ತಿಥಿಗೂ ವಾರಕ್ಕೂ ಪಂಚಾಂಗದ ಲೆಕ್ಕದಲ್ಲಿ ತಾಳೆಯಾಗದಿದ್ದರೆ ಅದೂ ಸಂಶಯಕ್ಕೆ ಕಾರಣ. ಆ ರಾಜನು ಆ ವರ್ಷ ಇನ್ನೂ ಧರಿಸಿರದ ಬಿರುದು ಅದರಲ್ಲಿ ಕಾಣಿಸಿಕೊಂಡರಂತೂ ಹೇಳುವುದೇ ಬೇಡ.

ಖಚಿತವಾದ ಆಧಾರವೆಂದರೆ ಶೃಂಗೇರಿಯ 1346ರ ಶಾಸನ. ಹರಿಹರನೂ ಅವನ ತಮ್ಮಂದಿರೂ ವಿಜಯೋತ್ಸವ ಮಾಡಿ ಶೃಂಗೇರಿಯ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಅದರಲ್ಲಿ ವಿದ್ಯಾರಣ್ಯರ ಹೆಸರಿಲ್ಲ. ಅವರು ಮಠದ ಪೀಠದಲ್ಲಿದ್ದದ್ದು ಅದಕ್ಕೂ ಮೂರು ದಶಕಗಳಾಚೆ, 1380ರಿಂದೀಚೆಗೆ. ಇತ್ತ 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಸ್‌ನ ವೃತ್ತಾಂತದಲ್ಲಿ ಯತಿಯೂ ಇದ್ದಾನೆ, ಮೊಲವೂ ಇದೆ. ಅಂದರೆ ಅಷ್ಟರಲ್ಲಿ ಕತೆ ಜನರ ಬಾಯಲ್ಲಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಮಠದವರೇ ಈ ಕತೆಯನ್ನು ಕಟ್ಟಿದರೆಂದು ಹೆರಾಸರು ಬರೆದರು. ನಗರಕ್ಕೆ ತಳಹದಿ ಹಾಕಿದ ಕೀರ್ತಿಯನ್ನು ಹೊಯ್ಸಳ ಮುಮ್ಮಡಿ ಬಲ್ಲಾಳನಿಗೆ ಕೊಟ್ಟರು. ಉತ್ತರದ ದಾಳಿಗಳನ್ನು ತಡೆಯಲು ತನ್ನ ಗಡಿಯಲ್ಲಿ ಆತ ಕಟ್ಟಿದ ಕೋಟೆಯೇ ಮುಂದೆ ರಾಜಧಾನಿಯಾಯಿತು, ಸಂಗಮನ ಮಕ್ಕಳು ಅವನ ಕೈಕೆಳಗಿನವರು ಎಂಬುದು ಅವರ ವಾದ.

ಇದರಿಂದ ಕನ್ನಡಿಗರ ಪಾಲಿಗೆ ವಿಚಿತ್ರವಾದ ಸಂದರ್ಭ ಒದಗಿತು. ಆಗ ವಿದ್ವಾಂಸರಲ್ಲಿ ಎರಡು ಪಕ್ಷಗಳಿದ್ದವು. ವಿಜಯನಗರದ ಸ್ಥಾಪಕರು ಆಂಧ್ರಮೂಲದವರು, ವಾರಂಗಲ್ಲಿನ ಕಾಕತೀಯರ ಸೇವೆಯಲ್ಲಿದ್ದವರು ಎಂಬುದು ಒಂದು. ಅವರು ಕನ್ನಡಿಗರು, ಹೊಯ್ಸಳರ ಕಡೆಯವರು ಎಂಬುದು ಇನ್ನೊಂದು. ಹೆರಾಸರು ಎರಡನೆಯ ಪಕ್ಷದ ಬಲವಾದ ದನಿ. ಅವರ ಒಂದು ಕೈ ನಮ್ಮ ಹೆಮ್ಮೆಯನ್ನು ಎತ್ತಿಹಿಡಿಯಿತು. ಇನ್ನೊಂದು ಕೈ ನಮಗೆ ಅಷ್ಟೇ ಪ್ರಿಯವಾದ ಕತೆಯನ್ನು ಕಿತ್ತುಕೊಂಡಿತು. ಒಂದನ್ನು ಮಾತ್ರ ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸುವ ಹಾಗಿರಲಿಲ್ಲ, ಏಕೆಂದರೆ ಎರಡೂ ಒಂದೇ ವಾದದ ಎರಡು ಮಗ್ಗುಲುಗಳು.

ಪರಧರ್ಮದ ಪಾದ್ರಿಯೊಬ್ಬ ನಮ್ಮ ಯತಿಗಳ ಮಠದ ಮೇಲೆ ಇಂಥ ಮಾತು ಬರೆದರೆ ಮನಸ್ಸು ಕಹಿಯಾಗುವುದು ಸಹಜವೇ. ಆ ಕಹಿಯನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬರೆದವನ ಧರ್ಮ ಯಾವುದೆಂಬುದಲ್ಲ, ಅವನು ಮುಂದಿಟ್ಟ ಆಧಾರ ನಿಲ್ಲುತ್ತದೆಯೇ ಎಂಬುದು. ವಾದ ದಶಕಗಳ ಕಾಲ ನಡೆಯಿತು. 1985ರಲ್ಲಿ ಜರ್ಮನಿಯ ಹರ್ಮನ್ ಕುಲ್ಕೆ ಎಂಬ ವಿದ್ವಾಂಸರೂ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು ಪರಿಶೀಲಿಸಿದರು. ಸ್ಥಾಪನೆಯ ಕತೆಗೆ ಸಮಕಾಲೀನ ಆಧಾರವಿಲ್ಲವೆಂಬ ಹೆರಾಸರ ಮಾತು ಬಹುಮಟ್ಟಿಗೆ ನಿಂತಿದೆ. ಮಠದವರು ಉದ್ದೇಶಪೂರ್ವಕವಾಗಿ ಅದನ್ನು ಹೊಸೆದರೆಂಬ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಶೃಂಗೇರಿಗೂ ಸಂಗಮ ರಾಜರಿಗೂ 1346ರಿಂದಲೇ ನಿಕಟ ಸಂಬಂಧವಿದ್ದುದಂತೂ ಕಲ್ಲಿನಲ್ಲಿ ಕೊರೆದ ಸತ್ಯ. ವಿದ್ಯಾರಣ್ಯರ ಪಾಂಡಿತ್ಯಕ್ಕೆ ನಗರ ಕಟ್ಟಿದ ಕೀರ್ತಿ ಬೇಕಾಗಿಯೂ ಇಲ್ಲ.

ಚಂದ್ರಪುರದ ಇಟ್ಟಿಗೆಗಳು

ಅದೇ 1929ರಲ್ಲಿ ಹೆರಾಸರು ಪುಸ್ತಕವನ್ನು ಬದಿಗಿಟ್ಟು ಹಾರೆ ಗುದ್ದಲಿಗಳ ಕಡೆಗೆ ತಿರುಗಿದರು. ಸ್ಥಳ ಗೋವೆಯ ಸಾಷ್ಟಿ ಪ್ರದೇಶದ ಚಾಂದೋರ್. ಹಿಂದೆ ಇದರ ಹೆಸರು ಚಂದ್ರಪುರ. ಗೋವೆಯ ಕದಂಬರು ಗೋಪಕಪಟ್ಟಣಕ್ಕೆ ರಾಜಧಾನಿಯನ್ನು ಸ್ಥಳಾಂತರಿಸುವ ಮೊದಲು ಇಲ್ಲಿಂದಲೇ ಆಳುತ್ತಿದ್ದರು. ಬನವಾಸಿ, ಹಲಸಿ, ಹಾನಗಲ್ಲು ಎಂದು ನಾವು ಲೆಕ್ಕ ಹಾಕುವ ಕದಂಬ ಸ್ಥಳಗಳ ಸಾಲಿಗೆ ಇದೂ ಸೇರಿದ್ದು.

ಅಗೆದಾಗ ಮಣ್ಣಿನಡಿ ಸಿಕ್ಕಿದ್ದು ಇಟ್ಟಿಗೆಯಿಂದ ಕಟ್ಟಿದ ಶಿವಾಲಯವೊಂದರ ತಳಪಾಯ. ಅಲ್ಲಿ ತಲೆಯಿಲ್ಲದ ನಂದಿಯೊಂದು ಇಂದಿಗೂ ಕಾಣಸಿಗುತ್ತದೆ. ನಂತರದ ವರ್ಷಗಳಲ್ಲಿ ಭಾರತೀಯ ಪುರಾತತ್ವ ಇಲಾಖೆಯವರೂ ಅದೇ ಸ್ಥಳದಲ್ಲಿ ಅಗೆತ ನಡೆಸಿದರು.

ಈ ಘಟನೆಯ ಮಹತ್ವ ತಿಳಿಯಬೇಕಾದರೆ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಇದೇ ಸಾಷ್ಟಿಯಲ್ಲಿ 1560ರ ದಶಕದಲ್ಲಿ ಪೋರ್ಚುಗೀಸರು ದೇವಾಲಯಗಳನ್ನು ಸಾಲುಸಾಲಾಗಿ ನೆಲಸಮ ಮಾಡಿದ್ದರು. ಆ ಪ್ರದೇಶದ ಮತಪ್ರಸಾರ ಆಗ ಜೆಸುಯಿಟರ ಪಾಲಿಗೆ ಬಂದಿತ್ತು. ಮುನ್ನೂರ ಅರವತ್ತು ವರ್ಷಗಳ ನಂತರ, ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗಲೇ, ಅದೇ ಪಂಥದ ಪಾದ್ರಿಯೊಬ್ಬ ಅದೇ ಸಾಷ್ಟಿಯಲ್ಲಿ ಶಿವಾಲಯವೊಂದರ ಇಟ್ಟಿಗೆಗಳನ್ನು ಮಣ್ಣು ಒರಸಿ ಅಳೆಯುತ್ತಿದ್ದ. ಪೋರ್ಚುಗೀಸರು ಬರುವುದಕ್ಕೆ ಮುಂಚಿನ ಗೋವೆಯ ಅವಶೇಷಗಳ ಬಗ್ಗೆ ಬರೆದು ಪ್ರಕಟಿಸಿದ. ವಿದ್ಯಾರಣ್ಯರ ವಿಷಯದಲ್ಲಿ ಹೆರಾಸರನ್ನು ಮತದ್ವೇಷಿಯೆಂದು ತಳ್ಳಿಹಾಕಲು ಹೊರಟವರು ಚಾಂದೋರಿನ ಈ ಅಗೆತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಗುರುವಿನ ದಾರಿಯಲ್ಲಿ ಶಿಷ್ಯರೂ ನಡೆದರು. ಅವರಲ್ಲಿ ಮುಖ್ಯರಾದವರು ಜಾರ್ಜ್ ಮೊರಾಯೆಸ್. 1927ರಲ್ಲಿಯೇ ಮಂಗಳೂರಿನ ಚರಿತ್ರೆಯ ಒಂದು ಪುಸ್ತಕ ಬರೆದಿದ್ದ ಇವರು, 1931ರಲ್ಲಿ 'ಕದಂಬ ಕುಲ' ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಮುನ್ನುಡಿ ಹೆರಾಸರದು. ಹಲ್ಮಿಡಿ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು 1936ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ ಕನ್ನಡದ ಮೊದಲ ರಾಜವಂಶಕ್ಕೆ ಒಂದು ಸಮಗ್ರ ಚರಿತ್ರೆ ಮುಂಬಯಿಯಲ್ಲಿ ಸಿದ್ಧವಾಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದವೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಈ ಊರು ನಮಗೆ ಹೊಟ್ಟೆಪಾಡಿನ ಊರು ಮಾತ್ರವಲ್ಲ, ನಮ್ಮ ಚರಿತ್ರೆಯ ಕೆಲವು ಅಧ್ಯಾಯಗಳು ಬರೆಯಲ್ಪಟ್ಟ ಊರೂ ಹೌದು.

ಮೀನು ಮತ್ತು ನಕ್ಷತ್ರ

ಹೆರಾಸರು ಮುಂಬಯಿಗೆ ಬಂದ 1922ರಲ್ಲಿಯೇ ಸಿಂಧ್ ಪ್ರಾಂತದಲ್ಲಿ ರಾಖಾಲದಾಸ ಬ್ಯಾನರ್ಜಿಯವರು ಮೊಹೆಂಜೊದಾರೊವನ್ನು ಅಗೆಯುತ್ತಿದ್ದರು. ಹಿಂದಿನ ವರ್ಷ ಹರಪ್ಪದಲ್ಲಿ ದಯಾರಾಮ ಸಾಹನಿಯವರು ಕೆಲಸ ಆರಂಭಿಸಿದ್ದರು. 1924ರ ಸೆಪ್ಟೆಂಬರಿನಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥ ಜಾನ್ ಮಾರ್ಷಲ್ ಈ ಹೊಸ ನಾಗರಿಕತೆಯ ಸುದ್ದಿಯನ್ನು ಜಗತ್ತಿಗೆ ತಿಳಿಸಿದರು. ಅಲ್ಲಿ ಸಿಕ್ಕಿದ್ದವು ಬಳಪದ ಕಲ್ಲಿನ ಚಿಕ್ಕ ಚಿಕ್ಕ ಮುದ್ರೆಗಳು. ಮೇಲೊಂದು ಪ್ರಾಣಿ, ಅದರ ಮೇಲೆ ನಾಲ್ಕೈದು ಚಿಹ್ನೆಗಳ ಒಂದು ಸಾಲು. ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

1930ರ ದಶಕದಲ್ಲಿ ಹೆರಾಸರು ಈ ಬಾವಿಗೆ ಇಳಿದರು. ಸಿಂಧೂ ಕಣಿವೆಯ ಜನ ಆಡುತ್ತಿದ್ದದ್ದು ದ್ರಾವಿಡ ಭಾಷೆಯೆಂಬುದು ಅವರ ನಂಬಿಕೆ. ಪ್ರತಿಯೊಂದು ಚಿಹ್ನೆಯೂ ಒಂದು ಚಿತ್ರ. ಆ ಚಿತ್ರದ ದ್ರಾವಿಡ ಹೆಸರನ್ನು ಹಿಡಿದರೆ, ಅದೇ ಉಚ್ಚಾರದ ಇನ್ನೊಂದು ಅರ್ಥ ಹೊರಬೀಳುತ್ತದೆ. ಅವರು ಕೊಟ್ಟ ಉದಾಹರಣೆ ನಮ್ಮಂಥವರಿಗೆ ತಟ್ಟನೆ ಅರ್ಥವಾಗುವಂಥದು. ಮುದ್ರೆಗಳ ಮೇಲೆ ಮತ್ತೆಮತ್ತೆ ಮೀನಿನ ಚಿತ್ರವಿದೆ. ಮೀನು ಎಂಬ ಮಾತು ಕನ್ನಡ, ತಮಿಳು, ಮಲಯಾಳಂ ಎಲ್ಲದರಲ್ಲಿಯೂ ಉಂಟು. ತಮಿಳಿನಲ್ಲಿ 'ಮೀನ್' ಎಂದರೆ ನಕ್ಷತ್ರವೂ ಹೌದು. ಆಕಾಶದ ಮೀನು ಎಂಬರ್ಥದಲ್ಲಿ 'ವಿಣ್ಮೀನ್' ಎನ್ನುತ್ತಾರೆ. ಹೊಳೆಯುವುದು ಎಂಬ ಅರ್ಥದ ಆ ಬೇರು ನಮ್ಮ ಮಿನುಗು, ಮಿಂಚು ಎಂಬ ಮಾತುಗಳಲ್ಲಿ ಇಂದಿಗೂ ಜೀವಂತವಾಗಿದೆ. ಆದುದರಿಂದ ಮುದ್ರೆಯ ಮೀನು ನೀರಿನ ಮೀನಲ್ಲ, ಆಕಾಶದ ನಕ್ಷತ್ರ ಎಂದರು ಹೆರಾಸರು.

ಎಷ್ಟು ಸರಳವಾದ, ಎಷ್ಟು ಸೊಗಸಾದ ಊಹೆ! ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಒಂದಾದ ಮೇಲೊಂದು ಚಿಹ್ನೆಗೆ ಅರ್ಥ ಹೇಳುತ್ತ ಹೋದರು. ಮುದ್ರೆಗಳ ಸಾಲುಗಳಿಂದ ವಾಕ್ಯಗಳು, ಜನಾಂಗಗಳ ಹೆಸರುಗಳು, ದೇವತೆಗಳ ಸ್ತುತಿಗಳು ಹೊರಬಂದವು. ಇಲ್ಲಿಂದಲೇ ಜನ ಹೊರಟು ಸುಮೇರು, ಈಜಿಪ್ಟು, ಮೆಡಿಟರೇನಿಯನ್ ಸಮುದ್ರದ ತೀರದವರೆಗೂ ಹಬ್ಬಿದರೆಂಬ ದೊಡ್ಡ ಸಿದ್ಧಾಂತ ಬೆಳೆಯಿತು. 1953ರಲ್ಲಿ ಬಂದ ಅವರ ಬೃಹತ್ ಗ್ರಂಥದ ಮೊದಲ ಸಂಪುಟದಲ್ಲಿ ಇದೆಲ್ಲ ಇದೆ. ವಿದ್ವಾಂಸರು ಈ ಓದುಗಳನ್ನು ಒಪ್ಪಲಿಲ್ಲ. ಹೀಗೆ ಓದಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬೇಕಾದ ಒರೆಗಲ್ಲೇ ಅಲ್ಲಿರಲಿಲ್ಲ. ಈಜಿಪ್ಟಿನ ಲಿಪಿಗೆ ರೊಸೆಟ್ಟ ಶಿಲೆಯಿತ್ತು. ಒಂದೇ ವಿಷಯ ಗ್ರೀಕಿನಲ್ಲಿಯೂ ಬರೆದಿದ್ದುದರಿಂದ ಹೋಲಿಸಿ ನೋಡಬಹುದಾಗಿತ್ತು. ಸಿಂಧೂ ಮುದ್ರೆಗಳಿಗೆ ಅಂಥ ಜೊತೆಗಲ್ಲು ಇಂದಿಗೂ ಸಿಕ್ಕಿಲ್ಲ.

ಇಲ್ಲಿಯೇ ಈ ಬಾಳಿನ ದುಃಖವಿರುವುದೆಂದು ನಮಗೆ ತೋರುತ್ತದೆ. ತಾಮ್ರಶಾಸನ ಹೇಳುತ್ತದೆಂಬ ಮಾತ್ರಕ್ಕೆ ನಂಬಬೇಡಿ, ಅಕ್ಷರ ನೋಡಿ, ತಿಥಿ ನೋಡಿ, ಬೇರೆ ಸಾಕ್ಷಿಯೊಡನೆ ತಾಳೆ ನೋಡಿ ಎಂದು ಬರೆದ ಕೈಯೇ, ತಾಳೆ ನೋಡಲು ಏನೂ ಇಲ್ಲದ ಕಡೆ ಪುಟಗಟ್ಟಲೆ ಅರ್ಥ ಬರೆಯಿತು. ಏನೂ ಗೊತ್ತಿಲ್ಲ ಎಂದು ಮೂವತ್ತನಾಲ್ಕರಲ್ಲಿ ಧೈರ್ಯವಾಗಿ ಹೇಳಿದವರಿಗೆ, ಅರವತ್ತರ ಹೊತ್ತಿಗೆ, ಇದು ಮಾತ್ರ ಇನ್ನೂ ಗೊತ್ತಾಗಿಲ್ಲ ಎಂದು ಹೇಳುವುದು ಕಷ್ಟವಾಯಿತೇ? ವಯಸ್ಸು, ಕೀರ್ತಿ, ಸುತ್ತಲಿನ ಶಿಷ್ಯವೃಂದ ಇವು ಮನುಷ್ಯನಿಗೆ ಮಾಡುವ ಉಪಕಾರದ ಜೊತೆ ಇಂಥದೊಂದು ಅಪಕಾರವೂ ಇರುತ್ತದೆ. ಇದು ಪಾದ್ರಿಗೊಬ್ಬರಿಗೇ ಸಂಬಂಧಿಸಿದ್ದಲ್ಲ.

ಆದರೂ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಫಿನ್ಲೆಂಡಿನ ಅಸ್ಕೊ ಪರ್ಪೋಲ ಎಂಬ ವಿದ್ವಾಂಸರು ದಶಕಗಳ ಕಾಲ ಈ ಮುದ್ರೆಗಳ ಮೇಲೆ ಕೆಲಸ ಮಾಡಿ 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೀನನ್ನು ನಕ್ಷತ್ರವೆಂದು ಮೊದಲು ಓದಿದ ಕೀರ್ತಿಯನ್ನು ಹೆರಾಸರಿಗೇ ಸಲ್ಲಿಸಿದರು. ಆ ಎಳೆಯನ್ನು ಹಿಡಿದು ಮುಂದಕ್ಕೂ ಹೋದರು. ಮೀನಿನ ಪಕ್ಕದಲ್ಲಿ ಆರು ಗೀಟುಗಳಿದ್ದರೆ ಅದು 'ಆರು ಮೀನು', ಅಂದರೆ ಕೃತ್ತಿಕೆ. ಏಳು ಗೀಟುಗಳಿದ್ದರೆ 'ಏಳು ಮೀನು', ಅಂದರೆ ಸಪ್ತರ್ಷಿಮಂಡಲ. ಹಳೆಯ ತಮಿಳಿನಲ್ಲಿ ಆ ನಕ್ಷತ್ರಪುಂಜಗಳಿಗೆ ಇವೇ ಹೆಸರುಗಳಿವೆ. ಇದನ್ನೂ ಎಲ್ಲರೂ ಒಪ್ಪಿದ್ದಾರೆಂದಲ್ಲ. ಇದು ಬರಹವೇ ಅಲ್ಲ, ಬರಿಯ ಸಂಕೇತಗಳು ಎಂದು ವಾದಿಸಿದವರೂ 2004ರಲ್ಲಿ ಬಂದರು. ಲಿಪಿಯನ್ನು ಓದಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನವೆಂದು ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಘೋಷಿಸಿದ್ದನ್ನು ನಮ್ಮ ಚೆನ್ನೈ ಬಂಧುಗಳು ಪತ್ರಿಕೆಗಳಲ್ಲಿ ಓದಿರಬೇಕು. ಹೆರಾಸರು ಕಟ್ಟಿದ ದೊಡ್ಡ ಮಾಳಿಗೆ ಕುಸಿಯಿತು; ಅದರ ಒಂದು ಕಿಟಕಿಯಿಂದ ಮಾತ್ರ ಇನ್ನೂ ಬೆಳಕು ಬರುತ್ತಿದೆ.

ಉಳಿದದ್ದು

1955ರ ಡಿಸೆಂಬರ್ 14ರಂದು ಫಾದರ್ ಹೆರಾಸ್ ಮುಂಬಯಿಯಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಅರವತ್ತೇಳು ವರ್ಷ. ಹುಟ್ಟಿದ ಊರಲ್ಲಿ ಕಳೆದದ್ದಕ್ಕಿಂತ ಹೆಚ್ಚು ಕಾಲ ಈ ಊರಲ್ಲಿ ಕಳೆದಿದ್ದರು. ಅವರು ಸ್ಥಾಪಿಸಿದ ಸಂಸ್ಥೆಗೆ ಅವರದೇ ಹೆಸರನ್ನಿಟ್ಟರು. 1981ರಲ್ಲಿ ಭಾರತ ಸರ್ಕಾರದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಉದ್ದ ಗಡ್ಡದ ಆ ಮುಖ ಆಗ ಎಷ್ಟೋ ಮನೆಗಳಿಗೆ ಊರಿನ ಕಾಗದಗಳ ಜೊತೆ ಬಂದಿರಬಹುದು. ನಾವು ಗಮನಿಸದೆ ಲಕೋಟೆ ಹರಿದಿರಬಹುದು.

ಊರು ಬಿಟ್ಟು ಬಂದ ನಮಗೆ ಚರಿತ್ರೆಯ ಮೇಲೆ ಊರಲ್ಲಿರುವವರಿಗಿಂತ ಹೆಚ್ಚು ಮೋಹ. ರಾಜ್ಯೋತ್ಸವದ ದಿನ ಸಂಘದ ವೇದಿಕೆಯ ಮೇಲೆ ಮಕ್ಕಳು ಹಕ್ಕ ಬುಕ್ಕರಾಗಿ ಕಿರೀಟ ಧರಿಸಿ ನಿಂತಾಗ ನಮ್ಮ ಕಣ್ಣು ತುಂಬುತ್ತದೆ. ಆ ನಾಟಕ ನಿಲ್ಲಬೇಕಾಗಿಲ್ಲ. ಮೊಲವೂ ಓಡಲಿ, ನಾಯಿಯೂ ಓಡಲಿ, ವಿದ್ಯಾರಣ್ಯರೂ ಆಶೀರ್ವದಿಸಲಿ. ಆದರೆ ನಾಟಕ ಮುಗಿದು ಬಣ್ಣ ಒರೆಸಿಕೊಳ್ಳುವಾಗ, ಇದು ನಿಜವಾಗಿ ನಡೆಯಿತೇ ಅಪ್ಪಾ ಎಂದು ಮಗು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸುವುದು ಬೇಡ. ಹಾಗೆಂದು ಕತೆಯಿದೆ, ಶೃಂಗೇರಿಯ ಕಲ್ಲಿನಲ್ಲಿ ಹೀಗಿದೆ, ಎರಡನ್ನೂ ಸೇರಿ ನೋಡೋಣ ಎಂದು ಹೇಳೋಣ. ಅಷ್ಟೂ ತಿಳಿಯದಿದ್ದರೆ ನನಗೆ ಗೊತ್ತಿಲ್ಲ, ಓದಿ ಹೇಳುತ್ತೇನೆ ಎನ್ನೋಣ. ಮಕ್ಕಳೆದುರು ಹಾಗೆನ್ನುವುದರಲ್ಲಿ ಅವಮಾನವೇನೂ ಇಲ್ಲ. ಬಾರ್ಸಿಲೋನದಿಂದ ಬಂದ ಪಾದ್ರಿಯೊಬ್ಬರು ಅದೇ ಮಾತಿನಿಂದ ಆರಂಭಿಸಿ ನಮ್ಮ ಅರವೀಡು ಅರಸರನ್ನೂ ಚಂದ್ರಪುರದ ಶಿವಾಲಯವನ್ನೂ ನಮಗೆ ತೋರಿಸಿಕೊಟ್ಟರು.